ಬೇಟೆ ರೈಫಲ್ಲಿನ ಸದ್ದು: ಕಿವಿಗೆ ಏನು ಹಾಕಬೇಕು, ಪ್ಯಾಕೆಟ್ಟಿನ ಸಂಖ್ಯೆಯನ್ನು ಎಷ್ಟು ನಂಬಬೇಕು

ಅಮೆರಿಕದಲ್ಲಿ ಬಂದೂಕಿನ ಸದ್ದು ತಗ್ಗಿಸುವ ಸಪ್ರೆಸರ್ ಕೊಳ್ಳುವವರು ಕೇಂದ್ರ ಸರ್ಕಾರಕ್ಕೆ ಕಟ್ಟುತ್ತಿದ್ದ 200 ಡಾಲರ್ ತೆರಿಗೆ 2026ರ ಜನವರಿ 1ರಿಂದ ಸೊನ್ನೆಯಾಗಿದೆ. 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆಕ್ಟ್ ಹೇರಿದ ಈ ತೆರಿಗೆ ಒಂಬತ್ತು ದಶಕ ಒಂದು ಡಾಲರೂ ಏರಿರಲಿಲ್ಲ, ಇಳಿದಿರಲಿಲ್ಲ. 2025ರ ಜುಲೈ 4ರಂದು ಸಹಿಯಾದ ಕಾನೂನು ಅದನ್ನು ತೆಗೆಯಿತು. ನೋಂದಣಿ, ಬೆರಳಚ್ಚು, ಹಿನ್ನೆಲೆ ತಪಾಸಣೆ ಹಾಗೇ ಉಳಿದಿವೆ, ಉಳಿತಾಯವಾಗುವುದು ಹಣ ಮಾತ್ರ. ಅಂಗಡಿಗಳಲ್ಲಿ ಬೇಡಿಕೆ ಏರಿದ ಜೊತೆಗೇ ಬೇಟೆಗಾರರ ನಡುವೆ ಒಂದು ಮಾತೂ ಹಬ್ಬುತ್ತಿದೆ: ನಳಿಗೆಯ ತುದಿಗೆ ಸಪ್ರೆಸರ್ ತಿರುಗಿಸಿದ ಮೇಲೆ ಕಿವಿಗೆ ಬೇರೆ ಯಾಕೆ?

ಆ ಮಾತು ತಪ್ಪು. ಹಾಗೆಂದು ಅಂಗಡಿಗೆ ಹೋಗಿ ಅತಿ ದೊಡ್ಡ ಸಂಖ್ಯೆ ಬರೆದಿರುವ, ಕಿವಿಯನ್ನು ಹೊರಗಿನಿಂದ ಮುಚ್ಚುವ ಇಯರ್‌ಮಫ್ ತಂದರೆ ಕೆಲಸ ಮುಗಿಯಿತು ಎನ್ನುವುದೂ ಅಷ್ಟೇ ತಪ್ಪು. ಶೂಟಿಂಗ್ ರೇಂಜಿನಲ್ಲಿ ಗುಂಡು ಯಾವಾಗ ಹಾರುತ್ತದೆ ಎಂದು ಮೊದಲೇ ಗೊತ್ತಿರುತ್ತದೆ. ಬೇಟೆಯಲ್ಲಿ ಐದು ಗಂಟೆ ಕಾದು ಐದು ಸೆಕೆಂಡಿನಲ್ಲಿ ಈಡು ಹೊಡೆಯಬೇಕಾಗುತ್ತದೆ. ಆ ಐದು ಸೆಕೆಂಡಿನಲ್ಲಿ ಕಿವಿಯ ಮೇಲೆ ಇಲ್ಲದ ಸಾಧನದ ಮೇಲೆ ಎಷ್ಟು ಡೆಸಿಬೆಲ್ ಬರೆದಿದ್ದರೂ ಉಪಯೋಗವಿಲ್ಲ. ಆದ್ದರಿಂದ ಬೇಟೆಗೆ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು ಎಷ್ಟು ತಡೆಯುತ್ತದೆ ಎಂಬುದಲ್ಲ, ಇದನ್ನು ಹಾಕಿಕೊಂಡು ಬೆಳಗಿನಿಂದ ಸಂಜೆವರೆಗೆ ಇರಬಹುದೇ ಎಂಬುದು.

ಮೊದಲು ಸದ್ದಿನ ಅಳತೆ ನೋಡೋಣ. .308 ವಿಂಚೆಸ್ಟರ್, .30-06 ಸ್ಪ್ರಿಂಗ್‌ಫೀಲ್ಡ್‌ನಂಥ ಸಾಮಾನ್ಯ ಜಿಂಕೆ ರೈಫಲ್ ಹಾರಿಸಿದವರ ಕಿವಿಯ ಬಳಿ ಸದ್ದಿನ ತುದಿ ಸುಮಾರು 155ರಿಂದ 160 ಡೆಸಿಬೆಲ್ ಮುಟ್ಟುತ್ತದೆ. ಇನ್ನೂ ಹೆಚ್ಚು ಮದ್ದಿನ .300 ವಿಂಚೆಸ್ಟರ್ ಮ್ಯಾಗ್ನಮ್ ಅದನ್ನೂ ದಾಟುತ್ತದೆ. 12 ಬೋರ್ ಕೋವಿ 150ರ ಮೇಲೆಯೇ. ಉದ್ದ ನಳಿಗೆಯ .22 ರೈಫಲ್ ಮಾತ್ರ 140ರ ಆಸುಪಾಸಿನಲ್ಲಿ, ಹಲವು ಸಲ ಅದಕ್ಕೂ ಕೆಳಗೆ ನಿಲ್ಲುತ್ತದೆ. ಈ 140 ಮುಖ್ಯ ಗೆರೆ. ಹಠಾತ್ ಸದ್ದಿಗೆ ದೊಡ್ಡವರ ಬರಿಗಿವಿ ಒಡ್ಡಿಕೊಳ್ಳಬಾರದ ಮಿತಿಯೆಂದು ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಗಳೂ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುವುದು ಅದನ್ನೇ. ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 120. 160 ಎಂದರೆ 140ಕ್ಕಿಂತ ಇಪ್ಪತ್ತು ಜಾಸ್ತಿ, ಅಷ್ಟೇ ತಾನೆ ಅನ್ನಿಸಬಹುದು. ಡೆಸಿಬೆಲ್ ಲೆಕ್ಕದಲ್ಲಿ ಇಪ್ಪತ್ತು ಏರಿದರೆ ಗಾಳಿಯ ಒತ್ತಡ ಹತ್ತು ಪಟ್ಟಾಗುತ್ತದೆ. 140ರಲ್ಲಿ ಕಿವಿಯ ತಮಟೆಯ ಮೇಲೆ ಬೀಳುವುದು 200 ಪಾಸ್ಕಲ್, 160ರಲ್ಲಿ 2000.

ಕಿವಿಗೆ ತನ್ನದೇ ಒಂದು ರಕ್ಷಣೆ ಇದೆ. ಜೋರು ಸದ್ದಿಗೆ ಮಧ್ಯಕಿವಿಯ ಪುಟ್ಟ ಸ್ನಾಯು ಬಿಗಿದು ಮೂಳೆಗಳ ಅಲುಗಾಟವನ್ನು ತಡೆಯುತ್ತದೆ. ಆದರೆ ಅದು ಬಿಗಿಯಲು ಹತ್ತಾರು ಮಿಲಿಸೆಕೆಂಡು ಬೇಕು, ಗುಂಡಿನ ಒತ್ತಡದ ಅಲೆ ಕೆಲವೇ ಮಿಲಿಸೆಕೆಂಡಿನಲ್ಲಿ ಬಂದು ಹೋಗಿರುತ್ತದೆ. ಒಳಗಿವಿಯ ಶಂಖದೊಳಗೆ ಸದ್ದನ್ನು ಗ್ರಹಿಸುವ ಸುಮಾರು 15,000 ರೋಮಕೋಶಗಳಿವೆ. ಮನುಷ್ಯನಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು 3000ರಿಂದ 6000 ಹರ್ಟ್ಸ್ ನಡುವಿನ ಕೇಳ್ಮೆ. ಕೇಳ್ಮೆ ಪರೀಕ್ಷೆಯ ನಕ್ಷೆಯಾದ ಆಡಿಯೋಗ್ರಾಮ್‌ನಲ್ಲಿ 4000 ಹರ್ಟ್ಸ್ ಹತ್ತಿರ ಗೆರೆ ಹಳ್ಳ ಬಿದ್ದಂತೆ ಇಳಿದಿರುತ್ತದೆ. ಹೀಗಾದವರಿಗೆ ಮಾತು ಕೇಳಿಸುತ್ತದೆ, ಏನು ಹೇಳಿದರೆಂದು ತಿಳಿಯುವುದಿಲ್ಲ. ಸ, ಶ, ಟ, ಕ ಥರದ ವ್ಯಂಜನಗಳು ಕಳಚಿ ಸ್ವರಗಳಷ್ಟೇ ಉಳಿಯುತ್ತವೆ, ಅದರಲ್ಲೂ ಗದ್ದಲದ ಮದುವೆ ಮನೆಯಲ್ಲಿ. ಬಲಗೈಯಲ್ಲಿ ಹೊಡೆಯುವವರಿಗೆ ಹೆಚ್ಚಾಗಿ ಎಡಗಿವಿ ಮೊದಲು ಕೆಡುತ್ತದೆ. ಕೆನ್ನೆಯನ್ನು ಬಂದೂಕಿನ ಹಿಡಿಗೆ ಒತ್ತಿದಾಗ ಬಲಗಿವಿ ತಲೆಯ ಮರೆಗೆ ಸರಿಯುತ್ತದೆ, ಎಡಗಿವಿ ನಳಿಗೆಯ ಬಾಯಿಗೆ ಎದುರಾಗುತ್ತದೆ.

ವರ್ಷಕ್ಕೆ ಎರಡೋ ಮೂರೋ ಈಡು, ಅದಕ್ಕೇನಾಗುತ್ತದೆ ಎನ್ನುವುದು ಹಳೇ ವಾದ. ವಿಸ್ಕಾನ್ಸಿನ್ ರಾಜ್ಯದ ಬೀವರ್ ಡ್ಯಾಮ್ ಊರಿನ ಹಿರಿಯರ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗುರಿ ಅಭ್ಯಾಸ ಮಾಡುವವರಲ್ಲಿ ಶೇ 38 ಮಂದಿ ಕಿವಿಗೆ ಏನೂ ಹಾಕುವುದಿಲ್ಲ ಎಂದರು. ಬೇಟೆಗೆ ಹೋಗುವವರಲ್ಲಿ ಆ ಪ್ರಮಾಣ ಶೇ 95. ಬೇಟೆಯಾಡಿದ ಪ್ರತಿ ಐದು ವರ್ಷಕ್ಕೆ ಮೇಲ್ಸ್ವರದ ಕಿವುಡಿನ ಅಪಾಯ ಶೇ 7ರಷ್ಟು ಏರುತ್ತದೆಂದೂ ಅದೇ ಅಧ್ಯಯನ ಕಂಡುಕೊಂಡಿತು. ಇದನ್ನು ಬೇಟೆಗಾರರ ಉಡಾಫೆ ಎಂದು ತಳ್ಳಿಹಾಕಲಾಗದು. ಒಣಗಿದ ಎಲೆಯ ಮೇಲೆ ಕಾಲು ಊರುವ ಸದ್ದು, ಜೊತೆಯವರ ಪಿಸುಮಾತು ಕೇಳದಿದ್ದರೆ ಬೇಟೆಯೇ ಇಲ್ಲ, ಮೇಲಾಗಿ ಅದು ಅಪಾಯ. ಕಿವಿ ಮುಚ್ಚು ಎಂದರೆ ಅವರು ಕೇಳದಿರುವುದಕ್ಕೆ ಕಾರಣವಿದೆ. ಈಡು ಹೊಡೆದಾಗ ಸದ್ದೇ ಕೇಳಿಸಲಿಲ್ಲ ಎಂದು ಹಲವರು ಹೇಳುವುದೂ ನಿಜ. ಉದ್ವೇಗದಲ್ಲಿ ಮೆದುಳು ಸದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಒಳಗಿವಿ ಪೂರ್ತಿ ತೆಗೆದುಕೊಂಡಿರುತ್ತದೆ.

ಈಗ ಪ್ಯಾಕೆಟ್ಟಿನ ಮೇಲಿನ ಸಂಖ್ಯೆಗೆ ಬರೋಣ. ಅಮೆರಿಕದಲ್ಲಿ ಮಾರುವ ಪ್ರತಿ ಕಿವಿರಕ್ಷಕದ ಮೇಲೂ ಎಷ್ಟು ಡೆಸಿಬೆಲ್ ತಗ್ಗಿಸುತ್ತದೆಂದು ಹೇಳುವ ಎನ್‌ಆರ್‌ಆರ್ ಎಂಬ ಅಂಕೆ ಇರಬೇಕೆಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 1979ರಲ್ಲಿ ನಿಯಮ ಮಾಡಿತು. ಯುರೋಪಿನಲ್ಲಿ ಅದೇ ಜಾಗದಲ್ಲಿ ಎಸ್‌ಎನ್‌ಆರ್ ಇರುತ್ತದೆ. ಎರಡರ ಲೆಕ್ಕದ ವಿಧಾನ ಬೇರೆ. ಒಂದೇ ಮಫ್‌ಗೆ ಎಸ್‌ಎನ್‌ಆರ್ ಸಾಮಾನ್ಯವಾಗಿ ಕೆಲವು ಡೆಸಿಬೆಲ್ ದೊಡ್ಡದಾಗಿ ಕಾಣುವುದರಿಂದ ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಬಾರದು. ಎನ್‌ಆರ್‌ಆರ್ ಅಳೆಯುವುದು ಪ್ರಯೋಗಾಲಯದಲ್ಲಿ, ಹತ್ತು ಜನರ ಕಿವಿಗೆ ಪರೀಕ್ಷಕರೇ ಸಾಧನವನ್ನು ಕೂರಿಸಿ. ಕಾಡಿನಲ್ಲಿ ಮಂಕು ಬೆಳಕಿನಲ್ಲಿ, ಟೋಪಿ ಕನ್ನಡಕದ ಮಧ್ಯೆ ನಾವೇ ಕೂರಿಸಿಕೊಂಡರೆ ಅಷ್ಟು ಸಿಗುವುದಿಲ್ಲ. ಅದಕ್ಕೇ ಅಮೆರಿಕದ ಕಾರ್ಮಿಕ ಆರೋಗ್ಯ ಸಂಶೋಧನಾ ಸಂಸ್ಥೆ ನಯೋಶ್ ಆ ಅಂಕೆಯನ್ನು ಕಡಿತ ಮಾಡಿ ಓದಲು ಹೇಳುತ್ತದೆ: ಇಯರ್‌ಮಫ್‌ಗೆ ಕಾಲು ಭಾಗ ಕಡಿತ, ಹೊಸೆದು ಕಿವಿಯೊಳಗೆ ತೂರಿಸುವ ಫೋಮ್ ಪ್ಲಗ್‌ಗೆ ಅರ್ಧ, ಉಳಿದ ಪ್ಲಗ್‌ಗಳಿಗೆ ಶೇ 70.

ಈ ಪ್ರಕಾರ ಎನ್‌ಆರ್‌ಆರ್ 22 ಇರುವ ಜನಪ್ರಿಯ ಎಲೆಕ್ಟ್ರಾನಿಕ್ ಮಫ್ ಕೊಡುವುದು ಹದಿನಾರು ಚಿಲ್ಲರೆ. 160 ಡೆಸಿಬೆಲ್‌ನ ರೈಫಲ್ ಒಳಗೆ ಸುಮಾರು 144 ಆಗಿ ತಲುಪುತ್ತದೆ, ಗೆರೆಯ ಮೇಲೆಯೇ ಉಳಿಯಿತು. 33 ಬರೆದ ಫೋಮ್ ಪ್ಲಗ್‌ನ ಲೆಕ್ಕವೂ ಹೆಚ್ಚುಕಮ್ಮಿ ಅಲ್ಲಿಗೇ ಬಂದು ನಿಲ್ಲುತ್ತದೆ! ಇದು ಒರಟು ಲೆಕ್ಕ. ಎನ್‌ಆರ್‌ಆರ್ ಅಳೆದದ್ದು ನಿರಂತರ ಸದ್ದಿಗೆ, ಗುಂಡಿನ ತುದಿಯನ್ನು ಚೆನ್ನಾಗಿ ಕೂತ ಮಫ್ ಇದಕ್ಕಿಂತ ಹೆಚ್ಚು ತಗ್ಗಿಸಬಲ್ಲದು. ಆದರೂ ದೊಡ್ಡ ರೈಫಲ್‌ಗೆ ಒಂದೇ ಪದರ ಸಾಲದೇ ಹೋಗಬಹುದು ಎಂಬ ತೀರ್ಮಾನಕ್ಕೆ ಇಷ್ಟು ಸಾಕು. ಪ್ಲಗ್ ಹಾಕಿ ಮೇಲೆ ಮಫ್ ಹಾಕಿದರೆ ಎರಡರ ಅಂಕೆಯನ್ನು ಕೂಡಿಸುವಂತಿಲ್ಲ, ದೊಡ್ಡದಕ್ಕೆ ಐದು ಸೇರಿಸಿ ಎನ್ನುವುದು ರೂಢಿ. ಯಾಕೆಂದರೆ ಒಂದು ಹಂತದ ನಂತರ ಸದ್ದು ಕಿವಿಯ ತೂತನ್ನು ಬಿಟ್ಟು ತಲೆಬುರುಡೆಯ ಮೂಳೆಯ ಮೂಲಕವೇ ಒಳಗೆ ಹೋಗುತ್ತದೆ.

ಫೋಮ್ ಪ್ಲಗ್ ಕೆಟ್ಟ ಹೆಸರು ಪಡೆದಿರುವುದು ಬಹುಪಾಲು ಹಾಕುವ ರೀತಿಯಿಂದ. ಕೈ ತೊಳೆದು, ಪ್ಲಗ್ಗನ್ನು ಬೆರಳುಗಳ ನಡುವೆ ಹೊಸೆಯಬೇಕು. ಹಿಸುಕಬಾರದು, ಹಿಸುಕಿದರೆ ಸುಕ್ಕು ಬಿದ್ದು ಆ ಸುಕ್ಕಿನಲ್ಲೇ ಸದ್ದು ನುಗ್ಗುತ್ತದೆ. ಊದಿನಕಡ್ಡಿಯಷ್ಟು ಸಣ್ಣಗಾಗದಿದ್ದರೂ ಆದಷ್ಟು ತೆಳ್ಳಗೆ, ಸುಕ್ಕಿಲ್ಲದ ಕೊಳವೆಯಾಗಬೇಕು. ಎದುರುಗೈಯನ್ನು ತಲೆಯ ಮೇಲಿಂದ ತಂದು ಕಿವಿಯ ಹಾಲೆಯನ್ನು ಮೇಲಕ್ಕೂ ಹಿಂದಕ್ಕೂ ಎಳೆದರೆ ಬಾಗಿರುವ ಕಿವಿನಾಳ ನೆಟ್ಟಗಾಗುತ್ತದೆ. ಆಗ ಒಳಗೆ ತೂರಿಸಿ, ಅರ್ಧದಿಂದ ಒಂದು ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಚಳಿಯಲ್ಲಿ ಫೋಮ್ ಗಡುಸಾಗಿ ನಿಧಾನ ಹಿಗ್ಗುತ್ತದೆ, ಮೊದಲೇ ಒಳಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಂಡಿರುವುದು ವಾಸಿ. ಸರಿ ಕೂತಿದೆಯೇ ನೋಡಲು ಎರಡೂ ಅಂಗೈಯಿಂದ ಕಿವಿ ಮುಚ್ಚಿ ತೆಗೆಯಿರಿ. ಮುಚ್ಚಿದಾಗ ಸುತ್ತಲ ಸದ್ದು ಎದ್ದು ಕಾಣುವಷ್ಟು ಇಳಿದರೆ ಪ್ಲಗ್ ಸೋರುತ್ತಿದೆ ಎಂದರ್ಥ. ಚೆನ್ನಾಗಿ ಕೂತಿದ್ದರೆ ನಿಮ್ಮ ಧ್ವನಿ ನಿಮಗೇ ಗಡಿಗೆಯೊಳಗಿಂದ ಬಂದಂತೆ ಕೇಳುತ್ತದೆ. ಕಾಲು ಭಾಗವಷ್ಟೇ ಒಳಗಿದ್ದು ಮುಕ್ಕಾಲು ಹೊರಗೆ ಇಣುಕುವ ಪ್ಲಗ್ಗಿಗೂ ಕಿವಿಗೆ ತುರುಕಿದ ಹತ್ತಿಗೂ ದೊಡ್ಡ ವ್ಯತ್ಯಾಸವಿಲ್ಲ.

ಕೂರುವುದು ಎಷ್ಟು ಮುಖ್ಯ ಎನ್ನುವುದಕ್ಕೆ ಅಮೆರಿಕದ ಸೈನಿಕರ ದಾವೆಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಕಾಂಬ್ಯಾಟ್ ಆರ್ಮ್ಸ್ ಎಂಬ ಎರಡು ತುದಿಯ ಪ್ಲಗ್ ಕಿರುರಂಧ್ರವೊಂದರ ಮೂಲಕ ಮಾತನ್ನು ಒಳಗೆ ಬಿಟ್ಟು ಸ್ಫೋಟವನ್ನು ತಡೆಯುವಂತೆ ರೂಪಿಸಿದ್ದು, ಬೇಟೆಗಾರರಿಗೂ ಬೇಕಾದ ಗುಣವೇ ಅದು. ಪ್ಲಗ್‌ನ ಉದ್ದ ಸಾಲದೆ ಕೆಲವರ ಕಿವಿಯಲ್ಲಿ ಗೊತ್ತಾಗದಂತೆ ಸಡಿಲವಾಗುತ್ತಿತ್ತು ಎಂಬ ಆರೋಪದ ಮೇಲೆ ಲಕ್ಷಾಂತರ ಮಂದಿ ನ್ಯಾಯಾಲಯಕ್ಕೆ ಹೋದರು. 2023ರ ಆಗಸ್ಟ್‌ನಲ್ಲಿ, ಅದನ್ನು ಮಾರಿದ್ದ 3ಎಂ ಕಂಪನಿ ತಪ್ಪೊಪ್ಪಿಕೊಳ್ಳದೆ 600 ಕೋಟಿ ಡಾಲರ್‌ಗೂ ಮಿಕ್ಕಿದ ಮೊತ್ತಕ್ಕೆ ರಾಜಿಯಾಯಿತು. ಕಿರುರಂಧ್ರದ ಈ ಬಗೆಯ ಪ್ಲಗ್‌ಗಳು ಬೇರೆ ಬೇರೆ ಹೆಸರಿನಲ್ಲಿ ಈಗಲೂ ಸಿಗುತ್ತವೆ. ಬ್ಯಾಟರಿ ಬೇಡ, ಬೆಲೆ ಕಡಿಮೆ, ನಡೆಯುತ್ತಾ ಬೇಟೆಯಾಡುವವರಿಗೆ ಹಗುರ. ಆದರೆ ಸಣ್ಣ, ಮಧ್ಯಮ, ದೊಡ್ಡ ಅಳತೆ ಮೂರನ್ನೂ ಹಾಕಿ ನೋಡದೆ ಕೊಳ್ಳಬಾರದು. ಒಬ್ಬರದೇ ಎರಡು ಕಿವಿಗೆ ಎರಡು ಅಳತೆ ಬೇಕಾಗುವುದುಂಟು.

ಬೇಟೆಗೆ ಹೆಚ್ಚಿನವರಿಗೆ ಸರಿಹೊಂದುವುದು ಎಲೆಕ್ಟ್ರಾನಿಕ್ ಮಫ್. ಅದರ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಲವಾಗಿದೆ: ಒಳಗಿನ ಸರ್ಕ್ಯೂಟ್ ಗುಂಡಿನ ಸದ್ದನ್ನು ಅಳಿಸುತ್ತದೆ ಎಂದು. ಹಾಗಲ್ಲ. ಗುಂಡನ್ನು ತಡೆಯುವುದು ಪ್ಲಾಸ್ಟಿಕ್ ಬಟ್ಟಲು, ಅದರೊಳಗಿನ ಫೋಮ್, ಕಿವಿಯ ಸುತ್ತ ಕೂರುವ ಮೆತ್ತೆ. ಹೊರಗಿನ ಮೈಕುಗಳು ಸಣ್ಣ ಸದ್ದನ್ನು ಹಿಗ್ಗಿಸಿ ಒಳಗಿನ ಸ್ಪೀಕರಿಗೆ ಕಳಿಸುತ್ತವೆ, ಸದ್ದು 82ರಿಂದ 85 ಡೆಸಿಬೆಲ್ ದಾಟುವಾಗ ಸರ್ಕ್ಯೂಟ್ ಸ್ಪೀಕರನ್ನು ಅಲ್ಲಿಗೇ ಕಟ್ಟಿಹಾಕುತ್ತದೆ. ಬ್ಯಾಟರಿ ಸತ್ತರೂ ರಕ್ಷಣೆ ಹೋಗುವುದಿಲ್ಲ, ಕೇಳಿಸುವುದು ನಿಲ್ಲುತ್ತದೆ. ಆಗ ಬೇಟೆಗಾರ ಮಾಡುವ ಮೊದಲ ಕೆಲಸ ಅದನ್ನು ಕುತ್ತಿಗೆಗೆ ಇಳಿಸುವುದು! ಆದ್ದರಿಂದ ಜೇಬಿನಲ್ಲಿ ಎರಡು ಹೆಚ್ಚುವರಿ ಬ್ಯಾಟರಿ ಇರಲೇಬೇಕು. ಕೊರೆಯುವ ಚಳಿಗೆ ಆಲ್ಕಲೈನ್‌ಗಿಂತ ಲಿಥಿಯಮ್ ಬ್ಯಾಟರಿ ಬಾಳಿಕೆ ಬರುತ್ತದೆ.

ಮಫ್ ಸೋರುವ ಜಾಗಗಳು ಮೂರು. ಕನ್ನಡಕದ ದಪ್ಪ ಕಡ್ಡಿ ಮೆತ್ತೆಯನ್ನು ಎತ್ತಿ ಹಿಡಿದರೆ ಕೆಲವು ಡೆಸಿಬೆಲ್ ಅಲ್ಲೇ ಹೋಯಿತು. ತೆಳು ಚಪ್ಪಟೆ ಕಡ್ಡಿಯ ಕನ್ನಡಕ ಅಥವಾ ಜೆಲ್ ತುಂಬಿದ ಮೆತ್ತೆ ಅದಕ್ಕೆ ಪರಿಹಾರ. ಉಣ್ಣೆಯ ಟೋಪಿ ಮಫ್‌ನ ಮೇಲೆ ಬರಬೇಕು, ಅಡಿಯಲ್ಲಲ್ಲ. ಮೂರನೆಯದನ್ನು ಅಂಗಡಿಯಲ್ಲಿ ಯಾರೂ ಪರೀಕ್ಷಿಸುವುದಿಲ್ಲ: ಕೆನ್ನೆಯನ್ನು ಹಿಡಿಗೆ ಒತ್ತಿದಾಗ ಮಫ್‌ನ ಕೆಳ ಅಂಚು ಹಿಡಿಗೆ ತಾಗಿ ಬಟ್ಟಲು ಕಿವಿಯಿಂದ ಮೇಲೇಳುತ್ತದೆ, ಸರಿಯಾಗಿ ಗುಂಡು ಹಾರುವ ಕ್ಷಣದಲ್ಲಿ. ಕೆಳಭಾಗ ಕತ್ತರಿಸಿದಂತಿರುವ ತೆಳು ಬಟ್ಟಲು ಬೇಕಾಗುವುದು ಇದಕ್ಕೆ. ಕೊಳ್ಳುವ ಮುಂಚೆ ಖಾಲಿ ರೈಫಲ್ಲನ್ನು ಹೆಗಲಿಗೆ ಕೊಟ್ಟು ನೋಡಬೇಕು. ತೆಳು ಬಟ್ಟಲಿಗೆ ಎನ್‌ಆರ್‌ಆರ್ ಕಡಿಮೆಯೇ. 30ರ ದಪ್ಪ ಮಫ್ ಹಿಡಿಗೆ ತಾಗಿ ಸೋರುವುದಕ್ಕಿಂತ 22ರ ತೆಳು ಮಫ್ ಮುಚ್ಚಿ ಕೂರುವುದು ಎಷ್ಟೋ ಮೇಲು, ಒಳಗೊಂದು ಫೋಮ್ ಪ್ಲಗ್ ಇದ್ದರೆ ಇನ್ನೂ. ಮಫ್‌ನ ವಾಲ್ಯೂಮ್ ಏರಿಸಿದರೆ ಪ್ಲಗ್ ಹಾಕಿದ್ದರೂ ಜೊತೆಯವರ ಮಾತು ತಕ್ಕಮಟ್ಟಿಗೆ ಕೇಳುತ್ತದೆ. ಮ್ಯಾಗ್ನಮ್ ರೈಫಲ್‌ಗೆ ಈ ಜೋಡಿಯೇ ಸೂಕ್ತ.

ಮಫ್‌ನ ದೌರ್ಬಲ್ಯ ದಿಕ್ಕು. ಎರಡು ಮೈಕಿನಿಂದ ಎಡಬಲ ತಿಳಿಯುತ್ತದೆ. ಮುಂದೆಯೋ ಹಿಂದೆಯೋ ಎಂದು ಹೇಳುವುದು ಕಿವಿಯ ಹಾಲೆಯ ಮಡಿಕೆಗಳು, ಅವು ಬಟ್ಟಲೊಳಗೆ ಮುಚ್ಚಿಹೋಗಿರುತ್ತವೆ. ಎಲೆಕ್ಟ್ರಾನಿಕ್ ಪ್ಲಗ್‌ಗಳು ಇದರಲ್ಲಿ ಸ್ವಲ್ಪ ವಾಸಿ, ಸೆಖೆಗೂ ಟೋಪಿಗೂ ಅನುಕೂಲ, ಆದರೆ ಬೆಲೆ ಹಲವು ಪಟ್ಟು, ರಕ್ಷಣೆ ಪೂರ್ತಿ ನಿಂತಿರುವುದು ತುದಿಯ ರಬ್ಬರು ನಿಮ್ಮ ಕಿವಿಗೆ ಕೂರುವುದರ ಮೇಲೆ. ಹಾಡು ಕೇಳುವ ಇಯರ್‌ಬಡ್‌ಗಳನ್ನು ಇದಕ್ಕೆ ಬಳಸಬಾರದು. ಅವುಗಳ ನಾಯ್ಸ್ ಕ್ಯಾನ್ಸಲೇಶನ್ ವಿಮಾನದ ಗುಂಯ್ಗುಡುವಿಕೆಯಂಥ ಒಂದೇ ಸಮನೆ ಸದ್ದಿಗೆ ಮಾಡಿದ್ದು. ತನ್ನ ಏರ್‌ಪಾಡ್ಸ್ ಪ್ರೊ ಗುಂಡಿನ ಸದ್ದಿಗೆ ತಕ್ಕದ್ದಲ್ಲ ಎಂದು ಆಪಲ್ ಕಂಪನಿಯೇ ಬರೆದಿದೆ.

ಸದ್ದನ್ನು ಹೆಚ್ಚಿಸುವ ವಸ್ತುವೊಂದನ್ನು ಬೇಟೆಗಾರರು ದುಡ್ಡು ಕೊಟ್ಟು ಹಾಕಿಸಿಕೊಳ್ಳುತ್ತಾರೆ. ಅದು ನಳಿಗೆಯ ತುದಿಗೆ ಹಾಕುವ ಮಜಲ್ ಬ್ರೇಕ್. ಒದೆತ ತಗ್ಗಿಸಲು ಅದು ಅನಿಲವನ್ನು ಪಕ್ಕಕ್ಕೂ ಹಿಂದಕ್ಕೂ ತಿರುಗಿಸುತ್ತದೆ, ಹೊಡೆಯುವವರ ಕಿವಿಗೆ ಐದರಿಂದ ಹತ್ತು ಡೆಸಿಬೆಲ್ ಹೆಚ್ಚು, ಪಕ್ಕದಲ್ಲಿ ದುರ್ಬೀನು ಹಿಡಿದು ಕೂತವರಿಗೆ ಇನ್ನೂ ಕಷ್ಟ. ಬ್ರೇಕ್ ಇರುವ ರೈಫಲ್ಲಿಗೆ ಎರಡು ಪದರ ಕಡ್ಡಾಯ ಎಂದೇ ಹಿಡಿಯಬೇಕು. ಬೇಟೆಗೆ ಹೋಗುವಾಗ ಅದನ್ನು ಬಿಚ್ಚಿ ನಳಿಗೆಯ ತುದಿಯ ತಿರುಪಿಗೆ ಮುಚ್ಚಳ ಹಾಕಿಕೊಳ್ಳುವುದು ಇನ್ನೂ ಒಳ್ಳೆಯದು, ಬಿಚ್ಚಿದ ಮೇಲೆ ಗುರಿ ಸ್ವಲ್ಪ ಸರಿಯಬಹುದಾದ್ದರಿಂದ ಮತ್ತೆ ಪರೀಕ್ಷಿಸಿಕೊಂಡು. ಹಲಗೆಯ ಅಟ್ಟಣೆಯೊಳಗಿಂದ ಹೊಡೆಯುವವರು ನಳಿಗೆಯ ಬಾಯಿ ಕಿಟಕಿಯಿಂದ ಹೊರಗಿರುವಂತೆ ನೋಡಿಕೊಳ್ಳಬೇಕು. ಒಳಗೇ ಹಾರಿದರೆ ಗೋಡೆಗೆ ಬಡಿದ ಅಲೆ ಎಲ್ಲರ ಕಿವಿಗೂ ಮರಳಿ ಬರುತ್ತದೆ. ಟೆಕ್ಸಸ್‌ನಲ್ಲಿ ಬೆಳೆ ಹಾಳುಮಾಡುವ ಕಾಡುಹಂದಿಗಳ ಮೇಲೆ ರಾತ್ರಿ ಸಾಲು ಸಾಲು ಗುಂಡು ಹಾರಿಸುವವರಿಗೆ ಒಂದೇ ಈಡಿನ ನೆಪವೂ ಇಲ್ಲ.

ಇನ್ನು ಸಪ್ರೆಸರ್. ನಳಿಗೆಯಿಂದ ನುಗ್ಗುವ ಬಿಸಿ ಅನಿಲವನ್ನು ಒಳಗಿನ ತಡೆಗಳಲ್ಲಿ ಹಿಡಿದು ನಿಧಾನಕ್ಕೆ ಬಿಡುವ ಕೊಳವೆ ಅದು, ಸಾಮಾನ್ಯವಾಗಿ 20ರಿಂದ 35 ಡೆಸಿಬೆಲ್ ಇಳಿಸುತ್ತದೆ. .308 ರೈಫಲ್ 130ರಿಂದ 140ರ ನಡುವೆ ಬರುತ್ತದೆ, ಗೆರೆಯ ಸ್ವಲ್ಪ ಕೆಳಗೆ, ಕೆಲವೊಮ್ಮೆ ಗೆರೆಯ ಮೇಲೆಯೇ. ಸಿನಿಮಾದ ಪುಸ್ ಎನ್ನುವ ಸದ್ದು ಇಲ್ಲಿಲ್ಲ. ಗುಂಡು ಸೆಕೆಂಡಿಗೆ ಸುಮಾರು 340 ಮೀಟರಿನ ಶಬ್ದವೇಗಕ್ಕಿಂತ ಎರಡು ಪಟ್ಟಿಗೂ ಹೆಚ್ಚು ವೇಗದಲ್ಲಿ ಹೋಗುವಾಗ ದಾರಿಯುದ್ದಕ್ಕೂ ಛಟಾರೆನ್ನುವ ಸದ್ದು ಮಾಡುತ್ತದೆ. ಅದು ನಳಿಗೆ ಬಿಟ್ಟ ಮೇಲೆ ಹುಟ್ಟುವುದರಿಂದ ಯಾವ ಸಪ್ರೆಸರೂ ಅದನ್ನು ಮುಟ್ಟಲಾರದು. ಅರೆಸ್ವಯಂಚಾಲಿ ರೈಫಲ್‌ಗಳಲ್ಲಿ ಒತ್ತಡ ಹಿಂದಕ್ಕೆ ತಳ್ಳಿ ತೋಟೆ ಹೊರಬೀಳುವ ಬಾಯಿಂದಲೇ ಕಿವಿಯ ಹತ್ತಿರ ಸದ್ದು ಬರುತ್ತದೆ. ಹಾಗಿದ್ದರೂ ಬೇಟೆಗೆ ಇದಕ್ಕಿಂತ ಒಳ್ಳೆಯ ಮೊದಲ ಹೆಜ್ಜೆ ಇಲ್ಲ ಎಂದೇ ಹೇಳಬೇಕು. ಮಫ್ ಹಾಕಲು ಮರೆತವರಿಗೂ, ಪಕ್ಕದವರಿಗೂ, ನಾಯಿಗೂ ರಕ್ಷಣೆ ಕೊಡುವುದು ಇದೊಂದೇ. ನಾರ್ವೆ, ಫಿನ್‌ಲೆಂಡ್‌ಗಳ ಬೇಟೆಗಾರರು ಇದನ್ನು ದಿನಬಳಕೆಯ ವಸ್ತುವಿನಂತೆ ಕಾಣುತ್ತಾರೆ. ಸಪ್ರೆಸರ್ ಜೊತೆ ಒಂದು ಪದರ ಹಾಕಿದರೆ 160 ಡೆಸಿಬೆಲ್‌ನ ಸಮಸ್ಯೆ ನಿಜವಾಗಿಯೂ ಹತೋಟಿಗೆ ಬರುತ್ತದೆ.

ತೆರಿಗೆ ಹೋದರೂ ಎಲ್ಲರಿಗೂ ಬಾಗಿಲು ತೆರೆದಿಲ್ಲ. ಕ್ಯಾಲಿಫೋರ್ನಿಯ, ನ್ಯೂಜೆರ್ಸಿ, ನ್ಯೂಯಾರ್ಕ್, ಇಲಿನಾಯ್, ಮ್ಯಾಸಚೂಸೆಟ್ಸ್ ಸೇರಿ ಎಂಟು ರಾಜ್ಯಗಳಲ್ಲಿ ಸಾಮಾನ್ಯರು ಸಪ್ರೆಸರ್ ಇಟ್ಟುಕೊಳ್ಳುವಂತಿಲ್ಲ. ಅಮೆರಿಕದ ಕನ್ನಡಿಗರಲ್ಲಿ ದೊಡ್ಡ ಪಾಲು ಇರುವುದು ಇವೇ ರಾಜ್ಯಗಳಲ್ಲಿ. ಅವರಲ್ಲಿ ಬೇಟೆ ಹವ್ಯಾಸವಿರುವವರಿಗೆ ಮಫ್, ಪ್ಲಗ್ ಬಿಟ್ಟು ಬೇರೆ ದಾರಿ ಇಲ್ಲ. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಅಲ್ಲಿ ಬಂದೂಕು ಮುಟ್ಟುವ ಮುಂಚೆ ರಾಜ್ಯದ ಬೇಟೆ ಪರವಾನಗಿ ಪಡೆದಿರಬೇಕಾದ ನಿಯಮವನ್ನೂ ಓದಿಕೊಳ್ಳಬೇಕು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ, ಸೈಲೆನ್ಸರ್ ಅಂದರೆ ಸಪ್ರೆಸರ್ ಇಲ್ಲಿನ ಶಸ್ತ್ರ ನಿಯಮಗಳಲ್ಲಿ ನಿಷೇಧಿತ ವರ್ಗದ ಸಾಮಗ್ರಿ. ಆದರೆ ಕೋವಿಯ ಸದ್ದು ಕರ್ನಾಟಕಕ್ಕೆ ಹೊಸದಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಪರವಾನಗಿ ಬೇಡವೆಂಬ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ, ಮಲೆನಾಡಿನಲ್ಲಿ ಬೆಳೆ ರಕ್ಷಣೆಗೆ ಪರವಾನಗಿ ಪಡೆದ ಕೋವಿಗಳಿವೆ. ಕೊಡಗಿನ ಕೈಲ್ ಪೋಳ್ದ್ ಹಬ್ಬದ ಸಮಯದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ .22 ರೈಫಲ್, 12 ಬೋರ್ ವಿಭಾಗಗಳಿರುತ್ತವೆ, ಸುತ್ತ ಮಕ್ಕಳಿಂದ ಅಜ್ಜಂದಿರವರೆಗೆ ಜನ ನಿಂತಿರುತ್ತಾರೆ. ಪುತ್ತರಿಯ ಕದಿರು ಕೊಯ್ಯುವಾಗ, ಮನೆಯಲ್ಲಿ ಸಾವಾದಾಗ ಗಾಳಿಗೆ ಈಡು ಹಾರುತ್ತದೆ. ಇಲ್ಲಿ ಎಲೆಕ್ಟ್ರಾನಿಕ್ ಮಫ್ ಕೂಡ ಬೇಕಿಲ್ಲ, ಈಡು ಯಾವಾಗ ಹಾರುತ್ತದೆಂದು ಎಲ್ಲರಿಗೂ ಗೊತ್ತು. ಫೋಮ್ ಪ್ಲಗ್ ಜೋಡಿಗೆ ಹತ್ತಿಪ್ಪತ್ತು ರೂಪಾಯಿ. ಸ್ಪರ್ಧೆ ನಡೆಸುವವರು ಪ್ರವೇಶ ಶುಲ್ಕದಲ್ಲೇ ಒಂದು ಜೋಡಿ ಕೊಟ್ಟು, ಗುಂಡು ಹೊಡೆಯುವ ಸಾಲಿನ ಪಕ್ಕಕ್ಕೆ ಯಾರನ್ನೂ ಬಿಡದೆ ನೋಡುಗರ ಹಗ್ಗವನ್ನು ಹಿಂದಕ್ಕೆ ಸರಿಸಿದರೆ ಬಹಳಷ್ಟು ಆಗುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸದ್ದು ಸುಮಾರು ಆರು ಡೆಸಿಬೆಲ್ ಇಳಿಯುತ್ತದೆ. ಸಣ್ಣ ಮಕ್ಕಳ ಕಿವಿಗೆ ಫೋಮ್ ಪ್ಲಗ್ ಕೂರುವುದಿಲ್ಲ, ಅವರಿಗೆ ಮಕ್ಕಳ ಅಳತೆಯ ಮಫ್ಫೇ ಬೇಕು.

ಈಡು ಹೊಡೆದ ಮೇಲೆ ಕಿವಿ ಗುಂಯ್ಗುಟ್ಟಿದರೆ, ಹತ್ತಿ ತುಂಬಿದಂತಾದರೆ ಒಂದೆರಡು ದಿನದಲ್ಲಿ ಇಳಿಯುವುದುಂಟು. ಇಳಿಯಿತು ಎಂದರೆ ಏನೂ ಆಗಲಿಲ್ಲ ಎಂದಲ್ಲ: ಕೇಳ್ಮೆ ಪೂರ್ತಿ ಮರಳಿದಂತೆ ಕಂಡರೂ ಒಳಗಿವಿಯ ನರದ ಕೊಂಡಿಗಳು ಕಡಿದಿರಬಹುದೆಂದು 2009ರಲ್ಲಿ ಇಲಿಗಳ ಮೇಲಿನ ಸಂಶೋಧನೆ ತೋರಿಸಿತು. ಒಂದು ಕಿವಿ ಹಠಾತ್ತನೆ ಮಂದವಾದರೆ, ರಕ್ತ ಬಂದರೆ, ತಲೆ ಸುತ್ತಿದರೆ ಕಾಯದೆ ಅದೇ ದಿನ ಇಎನ್‌ಟಿ ವೈದ್ಯರಲ್ಲಿಗೆ ಹೋಗಬೇಕು. ಸ್ಟೀರಾಯ್ಡ್ ಕೊಡಬೇಕೆಂದಿದ್ದರೆ ಅದು ಆರಂಭದ ದಿನಗಳಲ್ಲಿ ಕೊಟ್ಟಾಗಲೇ ಉಪಯೋಗ. ವರ್ಷಕ್ಕೊಮ್ಮೆ ಆಡಿಯೋಗ್ರಾಮ್ ಮಾಡಿಸುವವರು ಕಿವಿಗೆ ಕನಿಷ್ಠ 14 ಗಂಟೆ ಜೋರು ಸದ್ದು ಬೀಳದಂತೆ ನೋಡಿಕೊಂಡು ಹೋಗಬೇಕು, ಮತ್ತು 3000, 4000, 6000 ಹರ್ಟ್ಸ್ ಮೂರನ್ನೂ ಎರಡೂ ಕಿವಿಗೆ ಬೇರೆ ಬೇರೆಯಾಗಿ ಅಳೆದ ವರದಿಯನ್ನೇ ಕೇಳಿ ಪಡೆಯಬೇಕು.